ಹಾಗಲಬಳ್ಳಿ ದಿಂಬು

ನಮ್ಮೂರಿನಲ್ಲಿ ಬೆಳಗಾದರೆ ರಾತ್ರಿ ನಿದ್ದೆ ಬಂತೇ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಕೆನ್ನೆ ನೋಡಿದರೆ ಸಾಕು. ದಿಂಬಿನ ಮೇಲೆ ಏನಿದೆಯೋ ಅದು ಮುಖದ ಮೇಲೆ ಅಚ್ಚಾಗಿ ಕೂತಿರುತ್ತದೆ. ಇನ್ನೊಂದು ದಿಂಬಿಗೆ ತಲೆ ಕೊಡುವವರೆಗೆ ಅದು ತೊಳೆದರೂ ಹೋಗದು, ಉಜ್ಜಿದರೂ ಹೋಗದು. ಹಿಟ್ಟಿನ ಗಿರಣಿಯ ಶಿವಣ್ಣನ ಮನೆಯವರೆಲ್ಲ ಚಕ್ರದ ಕೆನ್ನೆಯವರು, ಕೆರೆಬೀದಿಯ ಮೇಷ್ಟ್ರ ಮನೆಯವರು ಗಿಣಿಯ ಕೆನ್ನೆಯವರು. ಸಂತೆಯಲ್ಲಿ ಮಗು ತಪ್ಪಿಸಿಕೊಂಡರೆ ಯಾರೂ ಹೆಸರು ಕೇಳುವುದಿಲ್ಲ, ಕೆನ್ನೆ ನೋಡಿ ಸೀದಾ ಮನೆಗೆ ತಂದು ಬಿಡುತ್ತಾರೆ. ನೆಂಟರಿಗೂ ಮನೆಯ ದಿಂಬನ್ನೇ ಕೊಡುವುದು ಪದ್ಧತಿ, ಬೆಳಿಗ್ಗೆ ಅವರು ಪೇಟೆಗೆ ಹೊರಟರೆ ಯಾರ ಮನೆಯಲ್ಲಿ ಇಳಿದುಕೊಂಡಿದ್ದಾರೆ ಎಂದು ಊರಿಗೇ ತಿಳಿಯುತ್ತದೆ. ಹೆಂಡತಿಯ ಮೇಲೆ ಮುನಿಸಿಕೊಂಡು ಅಂಗಡಿಯ ಗೋಣಿಚೀಲದ ಮೇಲೆ ಮಲಗಿದ ಗಂಡಸು ಬೆಳಿಗ್ಗೆ ಗೋಣಿಯ ನೇಯ್ಗೆ ಹೊತ್ತುಕೊಂಡು ಹೊರಬಂದರೆ, ಹಾಲಿನವನಿಂದ ಹಿಡಿದು ಎಲ್ಲರೂ ಅವನಿಗೆ ಬುದ್ಧಿ ಹೇಳುತ್ತಾರೆ. ಇಂಥ ಊರಿನಲ್ಲಿ ಗುಟ್ಟು ಇಟ್ಟುಕೊಳ್ಳುವುದು ಕಷ್ಟ. ಆದರೂ ಒಬ್ಬರು ಇಟ್ಟುಕೊಂಡಿದ್ದರು, ಅದೂ ನಮ್ಮ ಮನೆಯಲ್ಲೇ.

ನನ್ನ ತವರಿನವರು ಚೌಕುಳಿ ಕೆನ್ನೆಯವರು. ನಾಲ್ಕು ಗೆರೆ ಎಳೆದರೆ ಮುಗಿಯಿತು, ನಮ್ಮಮ್ಮನಿಗೆ ಸೂಜಿ ಹಿಡಿಯುವುದೆಂದರೆ ಅಷ್ಟಕ್ಕಷ್ಟೆ. ಮದುವೆಯಾಗಿ ಹಾಗಲಬಳ್ಳಿ ಮನೆಗೆ ಬಂದ ಮೊದಲ ಬೆಳಿಗ್ಗೆ ಕನ್ನಡಿ ನೋಡಿಕೊಂಡು ನಾನು ಹೆದರಿಯೇಬಿಟ್ಟೆ. ಕಿವಿಯಿಂದ ಗಲ್ಲದವರೆಗೆ ಬಳ್ಳಿ, ಎಲೆ, ಸುರುಳಿ, ನಡುವೆ ಹಾಗಲಕಾಯಿ, ಕಾಯಿಯ ಒಂದೊಂದು ಉಬ್ಬಿಗೂ ಒಂದೊಂದು ಗಂಟು. ಬೆರಳಿಡಲು ಜಾಗವಿರಲಿಲ್ಲ. ಅದು ನನ್ನ ಅತ್ತೆ ಪುಟ್ಟಗೌರಮ್ಮನವರ ಕೈಕೆಲಸ. ಪ್ರತಿ ಯುಗಾದಿಗೂ ಮನೆಯಲ್ಲಿದ್ದವರಿಗೆಲ್ಲ ಅವರೇ ದಿಂಬಿಗೆ ಹೊಸ ಗೌಸು ಹೊಲಿದು, ಕಸೂತಿ ಹಾಕಿ, ಅಚ್ಚು ಚೆನ್ನಾಗಿ ಕೂರಲೆಂದು ಗಟ್ಟಿ ಗಂಜಿ ಕೊಟ್ಟು, ಹಲಗೆಯಂತೆ ಇಸ್ತ್ರಿ ಮಾಡಿಸುತ್ತಿದ್ದರು. ಊರಿನಲ್ಲಿ ಅಷ್ಟು ತುಂಬಿದ ಕೆನ್ನೆ ಇನ್ನೊಂದಿರಲಿಲ್ಲ. ಅತ್ತೆಗೆ ಅದರ ಬಗ್ಗೆ ಜಂಬವೂ ಇತ್ತು. ನೆಂಟರ ಮದುವೆಗೆ ಹೋದರೂ ತಮ್ಮ ದಿಂಬನ್ನು ತಾವೇ ಕಂಕುಳಲ್ಲಿ ಇರುಕಿಕೊಂಡು ಹೋಗುತ್ತಿದ್ದರು. ಬೇರೆ ಮನೆಯ ದಿಂಬಿಗೆ ತಲೆ ಕೊಟ್ಟವರೇ ಅಲ್ಲ.

ಒಂದೇ ಒಂದು ಸಂದರ್ಭದಲ್ಲಿ ಮಾತ್ರ ನಮ್ಮೂರಿನವರು ಮನೆಯ ಅಚ್ಚು ಬಿಡುತ್ತಾರೆ. ಸಾವಾದ ಮನೆಯಲ್ಲಿ ಕರ್ಮ ಮುಗಿಯುವವರೆಗೆ ಎಲ್ಲರೂ ಕಸೂತಿಯಿಲ್ಲದ ಬೋಳುದಿಂಬಿಗೆ ಮಲಗುತ್ತಾರೆ. ಬೋಳುಕೆನ್ನೆ ಕಂಡರೆ ಎದುರಿಗೆ ಬಂದವರು ದನಿ ತಗ್ಗಿಸುತ್ತಾರೆ, ನೆರೆಯವರು ಒಗ್ಗರಣೆ ಹಾಕದ ಮೊಸರನ್ನ ತಂದು ಜಗುಲಿಯ ಮೇಲಿಟ್ಟು ಮಾತಾಡದೆ ಹೋಗುತ್ತಾರೆ. ನಮ್ಮ ಮಾವ ತೀರಿಕೊಂಡಾಗ ನಾನು ಹೊಸ ಸೊಸೆ, ಎಲ್ಲರಂತೆ ಬೋಳುದಿಂಬಿಗೆ ಮಲಗಿದೆ. ಅತ್ತೆ ಮಲಗಲೇ ಇಲ್ಲ. ನಡುಮನೆಯ ಕಂಬಕ್ಕೆ ಬೆನ್ನು ಕೊಟ್ಟು, ಕತ್ತು ನೆಟ್ಟಗೆ ಇಟ್ಟುಕೊಂಡು, ಕೂತಲ್ಲೇ ತೂಕಡಿಸಿ ಅಷ್ಟೂ ದಿನ ಕಳೆದರು. ಕೆನ್ನೆಯ ಮೇಲಿನ ಬಳ್ಳಿ ಹಾಗೇ ಉಳಿಯಿತು. ಹೆಂಡತಿ ಎಂದರೆ ಹೀಗಿರಬೇಕು ಎಂದು ಊರು ಹೊಗಳಿತು. ಗಡದ್ದಾಗಿ ನಿದ್ದೆ ಹೊಡೆದ ನನಗೆ ನಾಚಿಕೆಯಾಗಿತ್ತು.

ಇನ್ನು ನನ್ನ ಮಗಳು ದಾಕ್ಷಾಯಿಣಿ. ದಾಕ್ಷಿ ನಕ್ಕರೆ ಬೀದಿಯ ಕೊನೆಯವರೆಗೆ ಕೇಳುತ್ತಿತ್ತು, ಹೆಣ್ಣುಮಗು ಹೀಗೆ ನಗಬಾರದು ಎಂದು ಹೇಳಲು ಬಂದವರೂ ಜೊತೆಗೆ ನಕ್ಕು ಹೋಗುತ್ತಿದ್ದರು. ಅಜ್ಜಿ ಮೊಮ್ಮಗಳದ್ದು ಒಂದೇ ಜೀವ. ದಿನಾ ಸಂಜೆ ಅತ್ತೆ ಅವಳನ್ನು ಮುಂದೆ ಕೂರಿಸಿಕೊಂಡು ತಲೆಗೆ ಹರಳೆಣ್ಣೆ ತಟ್ಟುತ್ತಿದ್ದರು. ಕಾಲೇಜಿಗೆ ಸೇರುವ ಹೊತ್ತಿಗೆ ಅವಳ ಮುಖದ ಮೇಲೆ ಮೊಡವೆ ಎದ್ದವು. ವಯಸ್ಸು, ಹೋಗುತ್ತವೆ ಎಂದುಕೊಂಡೆವು. ಹೋಗಲಿಲ್ಲ. ಗಂಜಿ ಹಾಕಿದ ಗಂಟುಗಳು ಮೊಡವೆಯ ಮೇಲೆಯೇ ಒತ್ತಿ, ಎಣ್ಣೆ ಜಿಡ್ಡೂ ಸೇರಿಕೊಂಡು, ಬೆಳಗಾದರೆ ಹಾಗಲಕಾಯಿ ಯಾವುದು ಮೊಡವೆ ಯಾವುದು ತಿಳಿಯದ ಹಾಗೆ ಕೆನ್ನೆ ಕೆಂಪಗೆ ಬಾತಿರುತ್ತಿತ್ತು. ಕೆಲವು ಒಡೆದು ಗೌಸಿಗೆ ಅಂಟಿಕೊಳ್ಳುತ್ತಿದ್ದವು. ಏಳುವಾಗ ಅವಳು ಹಲ್ಲು ಕಚ್ಚಿ ದಿಂಬಿನಿಂದ ಕೆನ್ನೆ ಬಿಡಿಸಿಕೊಳ್ಳುತ್ತಿದ್ದಳು. ಅರಿಶಿನ, ಕಡಲೆಹಿಟ್ಟು, ಲೋಳೆಸರ ಎಲ್ಲ ಆಯಿತು. ಆಮೇಲೆ ಅವಳು ನಗುವುದನ್ನೇ ಬಿಟ್ಟಳು, ನಕ್ಕರೆ ಕೆನ್ನೆ ಎಳೆದು ನೋಯುತ್ತಿತ್ತು. ಕಾಲೇಜಿಗೆ ಹೋಗುವಾಗ ವೇಲಿನಲ್ಲಿ ಮುಖ ಸುತ್ತಿಕೊಳ್ಳತೊಡಗಿದಳು.

ಡಾಕ್ಟರಮ್ಮನ ಬಳಿ ಕರೆದುಕೊಂಡು ಹೋದೆ. ಅವರದು ತಾವರೆಯ ಕೆನ್ನೆ, ನೋಡಲು ಹಗುರ. ಹಚ್ಚಲು ಮುಲಾಮು ಕೊಟ್ಟರು, ಚಿವುಟಬೇಡ ಎಂದರು, ಬರೀ ದಿಂಬಿನಿಂದ ಬಂದದ್ದಲ್ಲ, ಆದರೆ ದಿಂಬು ಅದನ್ನು ವಾಸಿಯಾಗಲು ಬಿಡುತ್ತಿಲ್ಲ ಎಂದರು. ಆಮೇಲೆ ಎದ್ದು ಹೋಗಿ ಬಾಗಿಲು ಮುಂದಕ್ಕೆ ಹಾಕಿ ಬಂದರು. ಮೆತ್ತನೆಯ ತೆಳು ಹತ್ತಿಬಟ್ಟೆ ಬೇಕು, ಕಸೂತಿ ಇರಬಾರದು, ಗಂಜಿ ಕೂಡದು, ಘಮಘಮ ಸೋಪಿನಲ್ಲಿ ಒಗೆಯಬಾರದು, ಎರಡು ಮೂರು ದಿನಕ್ಕೊಮ್ಮೆ ಒಗೆದದ್ದನ್ನೇ ಹಾಕಬೇಕು, ಮಲಗುವಾಗ ತಲೆಗೆ ಎಣ್ಣೆ ಬೇಡ ಎಂದು ಮೆಲ್ಲಗೆ ಹೇಳಿದರು. ಅಂದರೆ ಬೋಳುದಿಂಬೇ ಎಂದು ಕೇಳಿದೆ. ಅವರು ಕಿಟಕಿಯ ಕಡೆ ನೋಡುತ್ತ ತಲೆಯಾಡಿಸಿದರು.

ಹಾಸಿಗೆ ಅಂಗಡಿಯ ಮಹದೇವಯ್ಯ ನಾವು ಸಾದಾ ಗೌಸು ಕೇಳಿದ ತಕ್ಷಣ ಹೆಗಲ ಮೇಲಿನ ಟವೆಲ್ ತೆಗೆದು ಯಾರು ಹೋದರು ಎಂದು ವಿಚಾರಿಸಿದರು. ಯಾರೂ ಇಲ್ಲ ಎಂದರೆ ನಂಬಲಿಲ್ಲ. ವಿಷಯ ಹೇಳಿದ ಮೇಲೆ ಒಂದೊಂದೇ ಕೆಳಗಿಳಿಸಿದರು. ಸ್ಯಾಟಿನ್ ಗೌಸು ಮಿರಮಿರ ಮಿಂಚಿತು, ನುಣುಪೂ ಇತ್ತು, ಆದರೆ ಅದರ ಅಂಚಿಗೆಲ್ಲ ಜರಿ ದಾರ ಹೊಲಿದಿದ್ದರು. ಪಾಲಿಸ್ಟರ್ ಮುಟ್ಟಿದರೇ ಬೆವರು ಬರುವಂತಿತ್ತು. ಮಖಮಲ್ಲಿನದು ರಾತ್ರಿ ಕಳೆಯುವಷ್ಟರಲ್ಲಿ ಕೆನ್ನೆಯನ್ನು ಬೇಯಿಸಿಬಿಡುತ್ತದೆ. ಮಿಕ್ಕ ಹತ್ತಿಯೆಲ್ಲ ನಮ್ಮೂರಿನ ಗಿರಾಕಿಗಳಿಗೆಂದೇ ನೇಯ್ದದ್ದು, ಅಚ್ಚು ಕೂರಲಿ ಎಂದು ಜಮಖಾನೆಯಷ್ಟು ದಪ್ಪ. ದಾಕ್ಷಿ ಒಂದೊಂದನ್ನೂ ಕೆನ್ನೆಗೆ ಮುಟ್ಟಿಸಿ ನೋಡಿ ಕೆಳಗಿಟ್ಟಳು. ಊರಿಗೆಲ್ಲ ದಿಂಬು ಕೊಡುವ ಅಂಗಡಿಯಲ್ಲಿ ನನ್ನ ಮಗಳ ಕೆನ್ನೆಗೊಂದು ಬಟ್ಟೆ ಸಿಗಲಿಲ್ಲ.

ಮನೆಗೆ ಬಂದವಳೇ ನಾನು ಅತ್ತೆಯನ್ನು ಒಂದು ಮಾತೂ ಕೇಳದೆ ಪೆಟ್ಟಿಗೆ ತೆಗೆದು ಮಾವನ ಹಳೆಯ ಪಂಚೆಯನ್ನು ಹೊರಗೆಳೆದೆ. ಒಗೆದೂ ಒಗೆದೂ ಅದು ಕೆನೆಯಷ್ಟು ಮೆತ್ತಗಾಗಿತ್ತು. ಅರ್ಧ ಹರಿದು ಗೌಸು ಹೊಲಿದೆ. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು.

“ನಾನಿನ್ನೂ ಬದುಕಿದೀನಲ್ಲ,” ಎಂದರು. “ನನ್ನ ಮೊಮ್ಮಗಳು ಯಾಕೆ ಬೋಳುದಿಂಬಿಗೆ ಮಲಗ್ಬೇಕು?”

ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಒಪ್ಪಿಸಿದೆ. ಗಂಜಿಯಿಂದ ಯಾರ ಮುಖವೂ ಕೆಟ್ಟಿಲ್ಲ ಎಂದರು. ನನಗೂ ರೇಗಿತು, ನಿಮ್ಮ ಬಳ್ಳಿ ದೊಡ್ಡದೋ ಮಗು ದೊಡ್ಡದೋ ಎಂದು ಕೇಳಿಬಿಟ್ಟೆ. ಅಂದಿನಿಂದ ಮನೆಯಲ್ಲಿ ಮಾತು ನಿಂತಿತು. ಅತ್ತೆ ಗೋಡೆಗೆ ಮುಖ ಮಾಡಿ ಊಟ ಮಾಡತೊಡಗಿದರು. ಉಪ್ಪು ಬೇಕಾದರೂ ಮಗನನ್ನು ಕೇಳುತ್ತಿದ್ದರು, ಅವರು ನನ್ನನ್ನು ಕೇಳುತ್ತಿದ್ದರು, ನಾನು ಅವರಿಗೆ ಕೊಡುತ್ತಿದ್ದೆ. ಸಂಜೆ ಎಣ್ಣೆ ತಟ್ಟುವುದೂ ನಿಂತಿತು. ಅಜ್ಜಿಯ ಮುಂದೆ ಕೂರುವ ಹೊತ್ತಿಗೆ ದಾಕ್ಷಿ ಏನೂ ತೋಚದೆ ಹಿತ್ತಲಿನಲ್ಲಿ ಓಡಾಡುತ್ತಿದ್ದಳು.

ಆದರೆ ಕೆನ್ನೆ ಆರತೊಡಗಿತು. ಒಂದೇ ಸಲಕ್ಕಲ್ಲ, ಇವತ್ತು ಎರಡು ಬಾಡಿದರೆ ನಾಳೆ ಒಂದು ಏಳುತ್ತಿತ್ತು. ಆದರೂ ಬೆಳಿಗ್ಗೆ ಅವಳು ದಿಂಬಿನಿಂದ ಸುಮ್ಮನೆ ತಲೆ ಎತ್ತುತ್ತಿದ್ದಳು, ಹಲ್ಲು ಕಚ್ಚುವುದಿರಲಿಲ್ಲ. ಅದೊಂದು ನೋಡಿಯೇ ನನಗೆ ಎಷ್ಟೋ ಸಮಾಧಾನವಾಗಿತ್ತು. ನೋವು ಹೋಯಿತಲ್ಲ, ನಗುವೂ ಹಿಂದೆಯೇ ಬರುತ್ತದೆ ಎಂದುಕೊಂಡೆ. ಊರನ್ನು ನಾನು ಮರೆತಿದ್ದೆ.

ಬೋಳುಕೆನ್ನೆ ಹೊತ್ತು ಹೋದ ಮೊದಲ ದಿನವೇ ಕಾಲೇಜಿನಲ್ಲಿ ಪಾಠ ನಿಂತಿತಂತೆ, ಮೇಡಂ ಅವಳ ತಲೆ ಸವರಿ ಮನೆಗೆ ಹೋಗಮ್ಮ ಎಂದರಂತೆ. ಹೀಗೆ ಹೀಗೆ ಎಂದು ತಿಳಿಸಿದ ಮೇಲೂ ಗೆಳತಿಯರು ಅವಳೆದುರು ಜೋರಾಗಿ ಮಾತಾಡಲು ಅಳುಕುತ್ತಿದ್ದರು. ಇದನ್ನೆಲ್ಲ ಅವಳು ನುಂಗಿಕೊಂಡಳು. ನುಂಗಲಾಗದೆ ಹೋದದ್ದು ಗಿರಣಿಯದು. ನಾನೇ ರಾಗಿ ಡಬ್ಬ ಕೊಟ್ಟು ಕಳಿಸಿದ್ದೆ. ಶಿವಣ್ಣ ಅವಳನ್ನು ತೊಟ್ಟಿಲಿನಿಂದ ಬಲ್ಲವನು, ಚಿಕ್ಕವಳಿದ್ದಾಗ ತಕ್ಕಡಿಯಲ್ಲಿ ಕೂರಿಸಿ ತೂಗುತ್ತಿದ್ದವನು. ಡಬ್ಬದ ಮೇಲಿಂದ ಕಣ್ಣೆತ್ತಿ ಅವಳ ಕೆನ್ನೆ ನೋಡಿ, ಊರಿನಲ್ಲಿ ಸಾವಿನ ಸುದ್ದಿ ಇಲ್ಲದ್ದರಿಂದ ಹೊರಗಿನವಳೆಂದುಕೊಂಡು, ಯಾವೂರಮ್ಮ, ಯಾರ ಮನೆಗೆ ಬಂದಿದೀಯ ಎಂದು ಕೇಳಿದನಂತೆ. ಪರಊರಿನವರ ಡಬ್ಬ ಇಡುವ ಜಾಗದಲ್ಲಿ, ಸಾಲಿನ ಕಟ್ಟಕಡೆಗೆ, ಅವಳ ಡಬ್ಬ ಇಟ್ಟನಂತೆ. ಅವನದೂ ತಪ್ಪಲ್ಲ, ನಮ್ಮೂರಿನಲ್ಲಿ ಯಾರಿಗೂ ಮುಖ ನೋಡಿ ಅಭ್ಯಾಸವಿಲ್ಲ, ಅಚ್ಚು ನೋಡಿ ಅಭ್ಯಾಸ.

ದಾಕ್ಷಿ ರಾಗಿಯನ್ನು ಹಾಗೇ ವಾಪಸು ಹೊತ್ತು ತಂದು ಅಡುಗೆಮನೆಯಲ್ಲಿಟ್ಟಳು. ಅಳಲಿಲ್ಲ. ಅತ್ತೆ ಒಳಗೆ ಸೊಪ್ಪು ಸೋಸುತ್ತಿದ್ದರು.

“ಅಮ್ಮ, ಆ ಬಳ್ಳಿ ಗೌಸು ಎಲ್ಲಿಟ್ಟಿದೀಯ?” ಎಂದಳು. “ನಂಗದೇ ಕೊಡು. ನೋವಾದ್ರೂ ಪರವಾಗಿಲ್ಲ, ಈ ಮನೆಯವಳು ಅಂತಾದ್ರೂ ಗೊತ್ತಾಗುತ್ತೆ.”

ಅವಳಿಗೆ ಏನು ಹೇಳುವುದು? ಮುಖ ಬೇಕಾದರೆ ಮನೆ ಬಿಡು, ಮನೆ ಬೇಕಾದರೆ ಮುಖ ಬಿಡು ಎಂದು ಊರೇ ಹೇಳುತ್ತಿರುವಾಗ ತಾಯಿಯಾದವಳು ಯಾವ ಕಡೆ ಮಾತಾಡಬೇಕು? ಹುಡುಕಿ ಕೊಡುತ್ತೇನೆ, ಇವತ್ತೊಂದು ದಿನ ತಡಿ ಎಂದಷ್ಟೇ ಅಂದೆ. ಅತ್ತೆ ಸೋಸಿದ ಸೊಪ್ಪನ್ನೇ ಮತ್ತೆ ಸೋಸುತ್ತಿದ್ದರು. ಮಾತು ಬಿಟ್ಟ ಮೇಲೆ ಮೊದಲ ಸಲ, ನೇರವಾಗಿ ನನ್ನನ್ನೇ ಕೇಳಿದರು.

“ಆ ಪಂಚೇಲಿ ಇನ್ನರ್ಧ ಉಳೀತಲ್ಲ, ಎಲ್ಲಿದೆ?”

ಪೆಟ್ಟಿಗೆಯಲ್ಲಿದೆ ಎಂದೆ. ಗಂಡನ ನೆನಪಿಗೆ ಇಟ್ಟುಕೊಳ್ಳಲು ಕೇಳುತ್ತಿದ್ದಾರೆ ಎಂದುಕೊಂಡು ನನಗೆ ಪಾಪವೆನಿಸಿತು.

ಮರುದಿನ ಬೆಳಿಗ್ಗೆ ದಾಕ್ಷಿ ಹಿತ್ತಲಿನ ಒಗೆಯುವ ಕಲ್ಲಿನ ಬಳಿ ಮುಖ ತೊಳೆಯುತ್ತಿದ್ದಳು, ನಾನು ಒಲೆಗೆ ಸೌದೆ ಆರಿಸುತ್ತಿದ್ದೆ. ಅತ್ತೆ ಸೆರಗನ್ನು ಮುಖದವರೆಗೆ ಎಳೆದುಕೊಂಡು ಹೊರಗೆ ಬಂದರು. ಬಿಸಿಲು ಬಿದ್ದ ಜಾಗ ನೋಡಿ ನಿಂತು ಸೆರಗು ತೆಗೆದರು. ಕೆನ್ನೆಯ ಮೇಲೆ ಬಳ್ಳಿ ಇರಲಿಲ್ಲ, ರಾತ್ರಿ ಆ ಅರ್ಧ ಪಂಚೆಯ ಮೇಲೆ ಮಲಗಿದ್ದರು. ಬಳ್ಳಿಯಿದ್ದ ಜಾಗದ ತುಂಬ ಗುಳಿ. ಮೊದಲ ಮಳೆ ಬಿದ್ದು ಒಣಗಿದ ಮಣ್ಣಿನ ಅಂಗಳದ ಹಾಗೆ ಎರಡೂ ಕೆನ್ನೆ ಚುಕ್ಕಿ ಚುಕ್ಕಿಯಾಗಿ ಕುಳಿಬಿದ್ದಿತ್ತು. ಈ ಮನೆಗೆ ಬಂದು ಇಷ್ಟು ವರ್ಷವಾಗಿ ನಾನು ಆ ಕೆನ್ನೆ ನೋಡಿರಲಿಲ್ಲ. ಹಲ್ಲುಪುಡಿ ಕೇಳಲು ಬಂದ ನನ್ನ ಗಂಡ ಬಾಗಿಲಲ್ಲೇ ನಿಂತುಬಿಟ್ಟರು, ಅವರೂ ತಮ್ಮ ಅಮ್ಮನ ಕೆನ್ನೆ ನೋಡಿರಲಿಲ್ಲ.

ಅತ್ತೆ ದಾಕ್ಷಿಯ ಒದ್ದೆ ಕೈಯನ್ನು ಹಿಡಿದು ತಮ್ಮ ಕೆನ್ನೆಗೆ ಒತ್ತಿಕೊಂಡರು.

“ನಿನ್ನ ವಯಸ್ಸಿಗೆ ನಂಗೂ ಹೀಗೇ ಎದ್ದಿದ್ವು, ಇನ್ನೂ ಜಾಸ್ತೀನೇ. ನಾನು ಮದುವೆಯಾಗಿ ಬಂದಾಗ ಈ ಮನೆ ದಿಂಬಿನ ಮೇಲೆ ಒಂದೇ ಒಂದು ಹಾಗಲ ಎಲೆ ಇತ್ತು ಕಣೆ. ಒಂದು ಎಲೆ ಏನನ್ನ ಮುಚ್ಚುತ್ತೆ? ಒಂದೊಂದು ಗುಳಿಗೂ ಒಂದೊಂದು ಗಂಟು ಹಾಕ್ಕೊಂಡು ಹೋದೆ, ಬಳ್ಳಿ ಆಯ್ತು. ನನ್ನ ಕೆನ್ನೆ ಮುಚ್ಚೋಕೆ ಹೊಲಿದಿದ್ದು ಬಂದು ನಿನ್ನ ಕೆನ್ನೆ ತಿಂತು.”

ದಾಕ್ಷಿ ಬೆರಳಿನಿಂದ ಒಂದೊಂದೇ ಗುಳಿ ಮುಟ್ಟಿ ನೋಡುತ್ತಿದ್ದಳು. ತಾತನಿಗೆ ಗೊತ್ತಿತ್ತೇ ಎಂದು ಕೇಳಿದಳು. ಗೊತ್ತಿತ್ತಂತೆ. ಮದುವೆಯ ಮರುದಿನವೇ ನೋಡಿದ ಮಾವ ಪೇಟೆಗೆ ಹೋಗಿ ಒಂದು ಕಟ್ಟು ಹಸಿರು ದಾರ ತಂದುಕೊಟ್ಟರಂತೆ. ಅಷ್ಟರಲ್ಲಿ ನನಗೆ ನಡುಮನೆಯ ಕಂಬ ನೆನಪಾಯಿತು. ಹಾಗಾದರೆ ಮಾವ ಹೋದಾಗ ಮಲಗದೇ ಕೂತಿದ್ದದ್ದು ಎಂದು ಬಾಯಿ ತಪ್ಪಿ ಕೇಳಿಬಿಟ್ಟೆ.

“ಅರ್ಧ ಅವರಿಗೋಸ್ಕರ,” ಎಂದರು ಅತ್ತೆ. “ಅರ್ಧ ಕೆನ್ನೆಗೋಸ್ಕರ. ಅವರಿದ್ದಿದ್ರೆ ಬೈತಿರ್ಲಿಲ್ಲ.”

ಅವರ ಮೇಲೆ ನಾನು ಹೊತ್ತಿದ್ದ ಸಿಟ್ಟೆಲ್ಲ ಅಲ್ಲೇ ಕರಗಿಹೋಯಿತು. ಒಂದು ಊರಿಗೆ ಊರೇ ಮೆಚ್ಚಿದ್ದ ಕೆನ್ನೆಯನ್ನು ಈ ವಯಸ್ಸಿನಲ್ಲಿ ಬಿಚ್ಚಿ ಬಿಸಿಲಿಗೆ ಹಿಡಿದು ನಿಂತ ಆ ಹೆಂಗಸಿನ ಕಾಲಿಗೆ ಬೀಳಬೇಕೆನಿಸಿತು. ಬೀಳಲಿಲ್ಲ, ಬಿದ್ದರೆ ಬೈಯುತ್ತಾರೆ ಎಂದು ಗೊತ್ತಿತ್ತು. ಬಿಸಿ ಬಿಸಿ ಕಾಫಿ ಮಾಡಿ ಕೊಟ್ಟೆ.

ಕಾಫಿ ಕುಡಿದವರೇ ಅತ್ತೆ ರಾಗಿ ಡಬ್ಬ ಎತ್ತಿಕೋ ಎಂದು ದಾಕ್ಷಿಗೆ ಹೇಳಿದರು. ಸೆರಗನ್ನು ಹೆಗಲ ಮೇಲೆಯೇ ಬಿಟ್ಟುಕೊಂಡು, ಮೊಮ್ಮಗಳ ಕೈ ಹಿಡಿದು ಬೀದಿಗಿಳಿದರು. ನಾನೂ ಹಿಂದೆ ಹೊರಟೆ. ಪುಟ್ಟಗೌರಮ್ಮನ ಬೋಳುಕೆನ್ನೆ ಕಂಡು ಸೈಕಲ್ಲಿನಲ್ಲಿ ಬರುತ್ತಿದ್ದವರು ಇಳಿದು ನಿಂತರು. ಎದುರು ಮನೆಯ ತಿಮ್ಮಕ್ಕ ರಂಗೋಲಿ ಅರ್ಧಕ್ಕೇ ಬಿಟ್ಟು ಒಳಗೆ ಓಡಿದಳು. ಗಿರಣಿ ಮುಟ್ಟಿದಾಗ ಶಿವಣ್ಣ ಹಿಂದಿದ್ದ ನನ್ನಿಂದ ಗುರುತು ಹಿಡಿದು, ಯಂತ್ರ ಆರಿಸಿ, ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿದ. ಸಾವಿನ ಮನೆಯವರು ಬಂದರೆ ಗಿರಣಿ ನಿಲ್ಲಿಸುವುದು ಪದ್ಧತಿ.

“ಯಾರು ಹೋದ್ರು ಗೌರಮ್ಮೋರೆ?” ಎಂದ, ತಗ್ಗಿದ ದನಿಯಲ್ಲಿ.

“ಯಾರೂ ಹೋಗಿಲ್ಲಪ್ಪ,” ಎಂದರು ಅತ್ತೆ. “ಈ ಮಗು ಯಾರ ಮನೇದು ಅಂತ ಕೇಳಿದ್ಯಂತಲ್ಲ, ಹೇಳಿ ಹೋಗೋಣ ಅಂತ ಬಂದೆ.”

ಶಿವಣ್ಣ ಅಜ್ಜಿಯ ಕೆನ್ನೆ ನೋಡಿದ, ಮೊಮ್ಮಗಳ ಕೆನ್ನೆ ನೋಡಿದ, ಮತ್ತೆ ಅಜ್ಜಿಯ ಕೆನ್ನೆ ನೋಡಿದ. ಅವನ ಕಿವಿಯವರೆಗೂ ಹಿಟ್ಟು ಮೆತ್ತಿತ್ತು, ಅದರೊಳಗಿನಿಂದಲೂ ಮುಖ ಕೆಂಪಾದದ್ದು ಕಾಣುತ್ತಿತ್ತು. ದಾಕ್ಷಿಯ ಕೈಯಿಂದ ಡಬ್ಬ ತೆಗೆದುಕೊಂಡು, ಸಾಲಿನಲ್ಲಿದ್ದ ಡಬ್ಬಗಳನ್ನೆಲ್ಲ ದಾಟಿ ಹೋಗಿ, ರಾಗಿಯನ್ನು ಯಂತ್ರಕ್ಕೆ ಸುರಿದ. ಸಾಲಿನಲ್ಲಿದ್ದವರು ಯಾರೂ ತಕರಾರು ತೆಗೆಯಲಿಲ್ಲ.

ಮನೆಗೆ ಬರುವಷ್ಟರಲ್ಲಿ ಜಗುಲಿಯ ತುಂಬ ಪಾತ್ರೆ. ನಾವು ಬೀದಿ ದಾಟುವುದರೊಳಗೆ ಸುದ್ದಿ ಊರು ದಾಟಿತ್ತು. ನನ್ನ ಗಂಡ ಹೊರಗೆ ಕಾಣಿಸಿರಲಿಲ್ಲವಾದ್ದರಿಂದ ಹೋದವರು ಅವರೇ ಇರಬೇಕು ಎಂದು ತೀರ್ಮಾನವಾಗಿತ್ತು. ಅವರು ಒಳಗಿನಿಂದ ಬಂದು ಏನಿದು ಇಷ್ಟೊಂದು ಮೊಸರನ್ನ ಎಂದಾಗ, ಕೊನೆಯ ಪಾತ್ರೆ ಇಡುತ್ತಿದ್ದ ತಿಮ್ಮಕ್ಕ ಕಿಟಾರನೆ ಕಿರುಚಿ ಮೆಟ್ಟಿಲ ಮೇಲೆ ಕುಸಿದು ಕೂತಳು. ಆಗ ದಾಕ್ಷಿ ನಕ್ಕಳು. ಎಷ್ಟೋ ದಿನದಿಂದ ಒಳಗೆ ಹಿಡಿದಿಟ್ಟಿದ್ದ ನಗು, ಬೀದಿಯ ಕೊನೆಯವರೆಗೂ ಕೇಳಿತು. ಅತ್ತೆ ಪಾತ್ರೆಗಳ ಮುಚ್ಚಳ ಒಂದೊಂದೇ ತೆಗೆದು ನೋಡಿ, ಸಾಸಿವೆ, ಇಂಗು, ಒಣಮೆಣಸಿನಕಾಯಿ ಧಾರಾಳವಾಗಿ ಹಾಕಿ ಒಗ್ಗರಣೆ ಕೊಡು ಎಂದು ನನಗೆ ಹೇಳಿದರು. ತಂದವರನ್ನೆಲ್ಲ ಕರೆದು ಅದನ್ನೇ ಬಡಿಸಿದೆವು. ಕೆಲವರು ಅತ್ತೆಯ ಕೆನ್ನೆ ನೋಡದ ಹಾಗೆ ನಟಿಸಿದರು, ಕೆಲವರು ನೋಡಿಯೇ ನೋಡಿದರು. ಎರಡನೇ ಸಲ ಬಡಿಸುವ ಹೊತ್ತಿಗೆ ಎಲ್ಲರಿಗೂ ಅಭ್ಯಾಸವಾಗಿತ್ತು.

ಆಮೇಲೆ ಊರೇನೂ ಬದಲಾಗಲಿಲ್ಲ. ಚಕ್ರದವರು ಚಕ್ರ, ಗಿಣಿಯವರು ಗಿಣಿ ಹೊತ್ತುಕೊಂಡೇ ಓಡಾಡುತ್ತಾರೆ, ನಾನೂ ನನ್ನ ಗಂಡನೂ ಹಾಗಲಬಳ್ಳಿಯಲ್ಲೇ ಇದ್ದೇವೆ. ಮಹದೇವಯ್ಯ ಮಾತ್ರ ಅಂಗಡಿಯ ಒಳಮೂಲೆಯಲ್ಲಿ ತೆಳು ಹತ್ತಿಯ ಸಾದಾ ಗೌಸು ಇಡತೊಡಗಿದ್ದಾರೆ. ವಯಸ್ಸಿಗೆ ಬಂದ ಮಕ್ಕಳ ತಾಯಂದಿರು ಬೇರೇನೋ ಕೊಳ್ಳುವ ನೆಪದಲ್ಲಿ ಹೋಗಿ ಒಯ್ಯುತ್ತಾರಂತೆ. ಈಗ ಅವರು ಯಾರು ಹೋದರು ಎಂದು ಕೇಳುವುದಿಲ್ಲ, ಯಾವ ತರಗತಿ ಎಂದು ಕೇಳುತ್ತಾರೆ. ಮನೆಯಲ್ಲಿ ಸಂಜೆಯ ಎಣ್ಣೆ ನಿಂತೇಹೋಯಿತು. ಆ ಹೊತ್ತಿಗೆ ಅಜ್ಜಿ ಮೊಮ್ಮಗಳು ಕಲ್ಲಿನ ಮೇಲೆ ಕೂತು ತಮ್ಮ ತಮ್ಮ ಸಾದಾ ಗೌಸು ಒಗೆದು ಹಿಂಡುತ್ತಾರೆ, ನೀರು ಕಡಿಮೆ, ಮಾತು ಜಾಸ್ತಿ.

ದಾಕ್ಷಿಯ ಮೊಡವೆ ಮೆಲ್ಲಮೆಲ್ಲಗೆ ಇಳಿದವು. ಮುಲಾಮು, ಬಟ್ಟೆ, ವಯಸ್ಸು, ಯಾವುದರಿಂದ ಎಷ್ಟು ಎಂದು ಡಾಕ್ಟರಮ್ಮನೂ ಹೇಳಲಿಲ್ಲ. ನೋವು ಪೂರ್ತಿ ಹೋಯಿತು, ಕಲೆ ಹೋಗಲಿಲ್ಲ. ಎರಡೂ ಕೆನ್ನೆಯ ಮೇಲೆ ಸಣ್ಣ ಸಣ್ಣ ಗುಳಿ ಉಳಿದುಕೊಂಡವು. ಈ ಯುಗಾದಿಗೆ ಅತ್ತೆ ಗುಟ್ಟಾಗಿ ಒಂದು ಗೌಸು ಹೊಲಿದಿದ್ದರು. ತೆಳು ಬಟ್ಟೆ, ಗಂಟಿಲ್ಲ, ಗಂಜಿಯಿಲ್ಲ, ಮೆತ್ತಗಿನ ಒಂದೆಳೆ ದಾರದಲ್ಲಿ ಕಿವಿಯಿಂದ ಗಲ್ಲದವರೆಗೆ ಹಾಗಲಬಳ್ಳಿ. ಮಂಜಾದ ಕಣ್ಣಿನಲ್ಲಿ ಹೇಗೆ ಹೊಲಿದರೋ ದೇವರೇ ಬಲ್ಲ. ದಾಕ್ಷಿಯ ಕೈಗಿಟ್ಟು, ಇದು ಚುಚ್ಚುವುದಿಲ್ಲ, ಕಲೆಯೂ ಮುಚ್ಚುತ್ತದೆ, ಇನ್ನು ಯಾರಿಗೂ ಏನೂ ಕಾಣುವುದಿಲ್ಲ ಎಂದರು.

ದಾಕ್ಷಿ ಗೌಸು ಬಿಡಿಸಿ ಕೆನ್ನೆಗೆ ಮುಟ್ಟಿಸಿ ನೋಡಿದಳು, ಚೆನ್ನಾಗಿದೆ ಎಂದಳು. ಆಮೇಲೆ ಮಡಚಿ ಅಜ್ಜಿಯ ತೊಡೆಯ ಮೇಲೆ ವಾಪಸಿಟ್ಟಳು.

“ಬೇಡ ಅಜ್ಜಿ,” ಎಂದಳು. “ಇದಕ್ಕೆ ಮಲಗಿದ್ರೆ ನಿನ್ನ ಥರ ಕಾಣ್ಸಲ್ಲ ನಾನು.”